ಬೆಂಡೆಕಾಯಿ ತುದಿ ಮುರಿದು ನೋಡಿ: ಎಕ್ಸ್‌ಪ್ಲೋರೇಟರಿ ಟೆಸ್ಟಿಂಗ್‌ನಲ್ಲಿ ಪಳಗಲು ಒಂದು ಸಮಗ್ರ ಮಾರ್ಗದರ್ಶಿ

ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವವರನ್ನು ಸ್ವಲ್ಪ ಗಮನಿಸಿ. ಒಂದೆರಡು ಕಾಯಿಯ ತುದಿ ಮುರಿದು ನೋಡುತ್ತಾರೆ. ಟಕ್ ಅಂತ ಮುರಿದರೆ ಎಳೆಯದು, ಸರಿ. ಬಳುಕಿದರೆ ಅಲ್ಲಿಗೇ ಬಿಡುವುದಿಲ್ಲ. ಅದೇ ರಾಶಿಯ ಅಡಿಯಿಂದ ಇನ್ನೆರಡು ಎಳೆದು ಮುರಿಯುತ್ತಾರೆ. "ನಿನ್ನೆ ಮಾಲಾ ಇದು?" ಅಂತ ಕೇಳುತ್ತಾರೆ. ಎಲ್ಲ ಕಾಯಿಯನ್ನೂ ಮುರಿಯುವುದಿಲ್ಲ, ಮನೆಯಿಂದ ಚೀಟಿ ಬರೆದುಕೊಂಡೂ ಬಂದಿರುವುದಿಲ್ಲ. ಮೊದಲನೇ ಕಾಯಿ ಏನು ಹೇಳಿತು ಅನ್ನುವುದರ ಮೇಲೆ ಎರಡನೇದು ಯಾವುದು ಅಂತ ತೀರ್ಮಾನ.

ಸಾಫ್ಟ್‌ವೇರ್ ಪರೀಕ್ಷಿಸುವವರು ಎಕ್ಸ್‌ಪ್ಲೋರೇಟರಿ ಟೆಸ್ಟಿಂಗ್ ಅನ್ನುವುದು ಹೆಚ್ಚುಕಮ್ಮಿ ಇದನ್ನೇ. ಈ ಹೆಸರು ಕೊಟ್ಟವರು ಸಾಫ್ಟ್‌ವೇರ್ ಟೆಸ್ಟಿಂಗ್ ತಜ್ಞ ಕೆಮ್ ಕೇನರ್, 1984ರಲ್ಲಿ. ಕಲಿಯುವುದು, ಟೆಸ್ಟ್ ಯೋಚಿಸುವುದು, ಅದನ್ನು ಮಾಡಿ ನೋಡುವುದು ಮೂರೂ ಒಟ್ಟೊಟ್ಟಿಗೆ ನಡೆಯುತ್ತವೆ. ನಮ್ಮ ಆಫೀಸುಗಳಲ್ಲಿ ಮಾತ್ರ ಇದಕ್ಕೆ ಬೇರೆಯೇ ಅರ್ಥ ಬಂದುಬಿಟ್ಟಿದೆ. ರಿಲೀಸ್‌ಗೆ ಎರಡು ಗಂಟೆ ಉಳಿದಾಗ ಲೀಡ್ ಬಂದು "ಸ್ವಲ್ಪ ಎಕ್ಸ್‌ಪ್ಲೋರೇಟರಿ ಮಾಡಿಬಿಡಿ" ಅನ್ನುತ್ತಾರೆ. ಎಲ್ಲರೂ ಸುಮ್ನೆ ಅಲ್ಲಿ ಇಲ್ಲಿ ಒತ್ತುತ್ತಾ ಕೂರುತ್ತಾರೆ. ಸಂಜೆ ಕೇಳಿದರೆ ಏನು ನೋಡಿದೆವು, ಏನು ಬಿಟ್ಟೆವು ಅಂತ ಯಾರಿಗೂ ಹೇಳಲು ಬರುವುದಿಲ್ಲ.

ನನ್ನ ಪ್ರಕಾರ ಇದರಲ್ಲಿ ಪಳಗಿದವರನ್ನು ಗುರುತಿಸುವುದು ಸುಲಭ. ಕಣ್ಣಿಗೆ ಬಿದ್ದ ಸಣ್ಣ ವಿಚಿತ್ರವನ್ನು ಅವರು ಕೈಬಿಡುವುದಿಲ್ಲ, ಅದರ ಬಾಲ ಹಿಡಿದು ಹೋಗುತ್ತಾರೆ. ಯಾವ ದಾರಿಯಲ್ಲಿ ಹೋದೆ ಅಂತ ಆಮೇಲೆ ಹೇಳಲೂ ಬಲ್ಲರು. ಇದು ಹುಟ್ಟಿನಿಂದ ಬರುವುದಲ್ಲ, ಅಭ್ಯಾಸದಿಂದ ಬರುತ್ತದೆ. ಉದಾಹರಣೆಗೆ ಬಸ್ ಟಿಕೆಟ್ ಬುಕ್ ಮಾಡುವ ಒಂದು ಆಪ್ ಇಟ್ಟುಕೊಳ್ಳೋಣ. ನಾನು ಇಂಥದ್ದೊಂದರ ಮೇಲೆ ಕೆಲಸ ಮಾಡಿದ್ದೇನೆ, ಹಾಗಾಗಿ ಅದರ ಹುಳುಕೆಲ್ಲ ಗೊತ್ತು.

ಹಂತ 1: ಏನು ಹುಡುಕುತ್ತಿದ್ದೀರಿ ಅಂತ ಒಂದು ವಾಕ್ಯ ಬರೆಯಿರಿ

ಇದಕ್ಕೆ ಚಾರ್ಟರ್ ಅನ್ನುತ್ತಾರೆ. ಮೂರು ವಿಷಯ ಇರಬೇಕು: ಯಾವ ಭಾಗ ನೋಡುತ್ತೀರಿ, ಏನು ಬಳಸಿ ನೋಡುತ್ತೀರಿ, ಯಾವ ತರಹದ ತೊಂದರೆ ಹುಡುಕುತ್ತೀರಿ.

"ಬುಕಿಂಗ್ ಟೆಸ್ಟ್ ಮಾಡು" ಅನ್ನುವುದು ಚಾರ್ಟರ್ ಅಲ್ಲ. ಅದು ಸಮುದ್ರ. "ಬುಕಿಂಗ್ ಪುಟದಲ್ಲಿ ಹೆಸರಿನ ಜಾಗಕ್ಕೆ 51 ಅಕ್ಷರ ಹಾಕಿ ಎರರ್ ಬರುತ್ತದಾ ನೋಡು" ಅನ್ನುವುದೂ ಅಲ್ಲ. ಅದು ಟೆಸ್ಟ್ ಕೇಸ್, ಅಂದರೆ ಏನು ಮಾಡಬೇಕು, ಏನು ಬರಬೇಕು ಅಂತ ಮೊದಲೇ ಬರೆದಿಟ್ಟದ್ದು. ಅಲ್ಲಿ ಹುಡುಕಲು ಏನೂ ಉಳಿದಿಲ್ಲ. ನಡುವಿನದು ಹೀಗಿರುತ್ತದೆ: "ನಡುರಾತ್ರಿ ದಾಟಿ ಓಡುವ ಬಸ್‌ಗಳ ಬುಕಿಂಗ್ ನೋಡು. ದಾರಿ ಮಧ್ಯದ ಬೋರ್ಡಿಂಗ್ ಪಾಯಿಂಟ್‌ಗಳನ್ನು (ಬಸ್ ಹತ್ತುವ ಜಾಗಗಳನ್ನು) ಬಳಸು. ದಿನಾಂಕ ಎಲ್ಲಿ ಕೆಡುತ್ತದೆ ಅಂತ ಹುಡುಕು."

ಚಾರ್ಟರ್‌ಗೆ ಸಮಯದ ಬೇಲಿಯೂ ಬೇಕು. ಟೆಸ್ಟಿಂಗ್ ತಜ್ಞ ಜೇಮ್ಸ್ ಬಾಕ್ ಮತ್ತು ಅವರ ತಮ್ಮ ಜೊನಾಥನ್ ಬಾಕ್ 2000ದಲ್ಲಿ ಸೆಷನ್ ಅನ್ನುವ ಪದ್ಧತಿಯನ್ನು ಬರೆದಿಟ್ಟರು. ಅಡೆತಡೆ ಇಲ್ಲದ 90 ನಿಮಿಷ, ಒಂದು ಚಾರ್ಟರ್, ಕೊನೆಯಲ್ಲಿ ಒಂದು ವರದಿ. ನಮ್ಮಲ್ಲಿ ಅಡೆತಡೆ ಇಲ್ಲದ 90 ನಿಮಿಷ ಸಿಗುವುದು ದೀಪಾವಳಿ ವಾರದಲ್ಲಿ ಮಾತ್ರ. ನಾನು 60ಕ್ಕೆ ಇಳಿಸಿಕೊಂಡಿದ್ದೇನೆ. ಫೋನ್ ಮಗುಚಿಡಿ, ಚಾಟ್ ಮುಚ್ಚಿ. ಅಷ್ಟು ಮಾಡಿದರೆ 60 ಸಾಕು.

ಹಂತ 2: ಮೊದಲು ಊರು ಸುತ್ತಿ

ಹೊಸ ಊರಿಗೆ ಹೋದವರು ಮೊದಲ ದಿನವೇ ಮನೆ ಬಾಡಿಗೆಗೆ ಹಿಡಿಯುವುದಿಲ್ಲ, ಅಲ್ವಾ? ಮೊದಲ ಸೆಷನ್ ಪೂರ್ತಿ ಸುಮ್ಮನೆ ಸುತ್ತಾಟಕ್ಕೆ ಕೊಡಿ. ಬಗ್, ಅಂದರೆ ಸಾಫ್ಟ್‌ವೇರ್‌ನ ತಪ್ಪು, ಹುಡುಕಬೇಡಿ. ಸಿಕ್ಕರೆ ಗುರುತು ಹಾಕಿಕೊಂಡು ಮುಂದೆ ಹೋಗಿ. ಎಲ್ಲ ಮೆನು ತೆರೆಯಿರಿ, ಒಂದು ಟಿಕೆಟ್ ಬುಕ್ ಮಾಡಿ, ರದ್ದು ಮಾಡಿ, ಬಂದ ಮೆಸೇಜ್ ಓದಿ. ಒಂದು ಹಾಳೆಯ ಮೇಲೆ ನಕ್ಷೆ ಬರೆಯಿರಿ.

ನಕ್ಷೆಯಲ್ಲಿ ಏನೂ ಬಿಟ್ಟುಹೋಗದಿರಲು ಜೇಮ್ಸ್ ಬಾಕ್ ಅವರದೇ ಒಂದು ಪಟ್ಟಿ ಇದೆ: ಸ್ಟ್ರಕ್ಚರ್, ಫಂಕ್ಷನ್, ಡೇಟಾ, ಪ್ಲಾಟ್‌ಫಾರ್ಮ್, ಆಪರೇಷನ್ಸ್, ಟೈಮ್. ಆಮೇಲೆ ಇಂಟರ್‌ಫೇಸ್ ಕೂಡ ಸೇರಿತು. ಅಂದರೆ, ಇದು ಯಾವುದರಿಂದ ಕಟ್ಟಿದ್ದು, ಏನೇನು ಮಾಡುತ್ತದೆ, ಏನು ತಿನ್ನುತ್ತದೆ, ಯಾವುದರ ಮೇಲೆ ನಿಂತಿದೆ, ಯಾರು ಹೇಗೆ ಬಳಸುತ್ತಾರೆ, ಸಮಯದ ಜೊತೆ ಹೇಗೆ ನಡೆದುಕೊಳ್ಳುತ್ತದೆ, ಬೇರೆ ಯಾವ ವ್ಯವಸ್ಥೆಗಳ ಜೊತೆ ಮಾತಾಡುತ್ತದೆ. ನಾನು ನೋಡಿದ ಮಟ್ಟಿಗೆ ಹೊಸಬರು ಫಂಕ್ಷನ್ ಮೇಲೆ ಇಡೀ ದಿನ ಕಳೆಯುತ್ತಾರೆ. ಟೈಮ್ ಕಡೆ ತಿರುಗಿಯೂ ನೋಡುವುದಿಲ್ಲ. ಬಸ್ ಆಪ್‌ನಲ್ಲಿ ಜಾಸ್ತಿ ಕೊಳೆತಿರುವುದು ಅಲ್ಲೇ.

ಹಂತ 3: ನಿಮ್ಮದೇ ಒಂದು ಡೇಟಾ ಡಬ್ಬಿ ಮಾಡಿಕೊಳ್ಳಿ

ಅಡುಗೆಮನೆಯಲ್ಲಿ ಸಾಂಬಾರ ಡಬ್ಬಿ ಇದ್ದಂತೆ ಪಳಗಿದ ಟೆಸ್ಟರ್ ಹತ್ತಿರ ಒಂದು ಫೈಲ್ ಇರುತ್ತದೆ. ಯಾವುದೇ ಆಪ್ ಬಂದರೂ ಅದರಿಂದ ಒಂದು ಚಿಟಿಕೆ ಹಾಕಿ ನೋಡುತ್ತಾರೆ. ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲ ಇದೆ. ಬೇರೆ ದೇಶದಲ್ಲಿ ಕೂತು ಬರೆದ ಸಾಫ್ಟ್‌ವೇರ್ ಎಲ್ಲಿ ಮುಗ್ಗರಿಸುತ್ತದೆ ಅಂತ ನಮಗೆ ನಮ್ಮ ಹೆಸರಿನಿಂದಲೇ ಗೊತ್ತು. ನನ್ನ ಡಬ್ಬಿಯಲ್ಲಿರುವ ಕೆಲವನ್ನು ಹೇಳುತ್ತೇನೆ.

ಮೊದಲು ಹೆಸರು. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ. ಇನಿಷಿಯಲ್ ಇರುತ್ತದೆ, ಅದೂ ಚುಕ್ಕಿ ಸಮೇತ. ಸರ್‌ನೇಮ್ ಕಡ್ಡಾಯ ಮಾಡಿ, ಕನಿಷ್ಠ ಎರಡಕ್ಷರ ಇರಬೇಕು, ಚುಕ್ಕಿ ಬೇಡ ಅನ್ನುವ ಫಾರ್ಮ್ ಮುಂದೆ ಜನ ಏನು ಮಾಡುತ್ತಾರೆ? ಅಪ್ಪನ ಹೆಸರು ಹಾಕುತ್ತಾರೆ, ಊರಿನ ಹೆಸರು ಹಾಕುತ್ತಾರೆ, ಇಲ್ಲದಿದ್ದರೆ ಮೊದಲ ಹೆಸರನ್ನೇ ಎರಡು ಸಲ ಹಾಕುತ್ತಾರೆ. ಆಮೇಲೆ ಗುರುತಿನ ಚೀಟಿ ಜೊತೆ ತಾಳೆಯಾಗುವುದಿಲ್ಲ.

ಇನ್ನು ಕನ್ನಡ ಅಕ್ಷರ. ಕೃಷ್ಣಮೂರ್ತಿ ಅನ್ನುವ ಹೆಸರು ನಮ್ಮ ಕಣ್ಣಿಗೆ 4 ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿ ನಂಬರ್ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು 11 ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್, ಒಟ್ಟು 33 ಬೈಟ್. ಯಾರೋ ಎಲ್ಲೋ 30 ಬೈಟ್‌ಗೆ ಕತ್ತರಿಸುತ್ತಿದ್ದರೆ ಟಿಕೆಟ್ ಮೇಲೆ "ಕೃಷ್ಣಮೂರ್ತ" ಅಂತ ಬರುತ್ತದೆ. ಕೊನೆಯ ಗುಡಿಸು ಮಾಯ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಕನ್ನಡ ಓದಲು ಬಾರದ ಟೆಸ್ಟರ್‌ಗೆ ಇದು ಕಾಣುವುದೇ ಇಲ್ಲ.

ಕ್ರ್ಯಾಶ್ ಆಗುವುದೂ ಉಂಟು. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಒತ್ತಕ್ಷರ ಬಂದರೆ ಐಫೋನ್‌ನ ಮೆಸೇಜ್ ಆಪ್ ಬಿದ್ದುಹೋಗುತ್ತಿತ್ತು. ಅದನ್ನು ಸರಿಪಡಿಸಲು ಐಫೋನ್‌ನ ಸಾಫ್ಟ್‌ವೇರ್ ಐಒಎಸ್‌ನ 11.2.6 ವರ್ಷನ್ ಬಿಟ್ಟರು. ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಿ ಅಂತ ಹೇಳಲು ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ರಾಜ್‌ಕುಮಾರ್ ಅನ್ನುವ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಜ ಮತ್ತು ಕ ಒತ್ತಾಗಿ ಸೇರದಂತೆ ತಡೆಯಲು. ಕೆಲವರ ಕೀಬೋರ್ಡ್ ಅದನ್ನು ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ಒಂದರಲ್ಲಿ ಸೇವ್ ಮಾಡಿ, ಇನ್ನೊಂದರಲ್ಲಿ ಹುಡುಕಿ ನೋಡಿ.

ಎಸ್‌ಎಂಎಸ್ ಕೂಡ ಹೀಗೇ. ಬರೀ ಇಂಗ್ಲಿಷ್ ಆದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ, ಅದರಲ್ಲೂ ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ಬೋರ್ಡಿಂಗ್ ಪಾಯಿಂಟ್ ಹೆಸರು ಕನ್ನಡದಲ್ಲಿದ್ದರೆ ಒಂದು ಮೆಸೇಜ್ ಎರಡೋ ಮೂರೋ ತುಂಡಾಗುತ್ತದೆ. ಬಸ್ ನಂಬರ್ ಯಾವ ತುಂಡಿನಲ್ಲಿ ಬಂತು ನೋಡಿ.

ಊರಿನ ಹೆಸರು ನನಗೆ ಬಹಳ ಇಷ್ಟವಾದ ಡೇಟಾ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಬದಲಾಯಿತು. ಶಿಮೊಗ್ಗ ಅಂತ ಹುಡುಕುವವರು ಈಗಲೂ ಇದ್ದಾರೆ, ಗುಲ್ಬರ್ಗ ಅಂತ ಹುಡುಕುವವರೂ ಇದ್ದಾರೆ. ಎರಡೂ ಹೆಸರು ಹಾಕಿ ನೋಡಿ. ಬಿಜಾಪುರ ವಿಜಯಪುರವಾದ ಮೇಲೆ ಇನ್ನೊಂದು ತಮಾಷೆ ಶುರುವಾಯಿತು. ದೇವನಹಳ್ಳಿ ತಾಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇದೆ. ಬೆಂಗಳೂರಿನಿಂದ ಗಂಟೆ ಎರಡು ಗಂಟೆಯ ದಾರಿ ಒಂದು, ರಾತ್ರಿಯಿಡೀ ಪ್ರಯಾಣ ಇನ್ನೊಂದು. ಪಟ್ಟಿಯಲ್ಲಿ ಎರಡಕ್ಕೂ ಬರೀ "ವಿಜಯಪುರ" ಅಂತ ಇದ್ದರೆ ಪ್ರಯಾಣಿಕರ ಗತಿ?

ಉಳಿದ ಸಾಮಾನು ಬೇಗ ಹೇಳಿಬಿಡುತ್ತೇನೆ: ಕನ್ನಡ ಅಂಕಿಯಲ್ಲಿ ಬರೆದ ಫೋನ್ ನಂಬರ್, ಮುಂದೆ ಹಿಂದೆ ಸ್ಪೇಸ್ ಇರುವ ಇಮೇಲ್, ಫೆಬ್ರವರಿ 29, ಖಾಲಿ, ಸೊನ್ನೆ, ಒಂದು, ಬಹಳ. ದೂರದ ದಿನಾಂಕ ಬೇಕಾದಾಗ 2038ರ ಜನವರಿ 19 ದಾಟಿಸಿ. ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುವ ಹಳೇ ವ್ಯವಸ್ಥೆಗಳ ಲೆಕ್ಕ ಅವತ್ತು ಮುಗಿಯುತ್ತದೆ. ಇನ್ನೊಂದು ಮರೆಯಬೇಡಿ. ನಮ್ಮ ಗಡಿಯಾರ ಜಗತ್ತಿನ ಮೂಲ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ರಾತ್ರಿ 12ರಿಂದ ಬೆಳಗ್ಗೆ 5:30ರವರೆಗೆ ಯುಟಿಸಿ ಲೆಕ್ಕದಲ್ಲಿ ಓಡುವ ಸರ್ವರ್ ಪಾಲಿಗೆ ಇನ್ನೂ ನಿನ್ನೆಯೇ.

ಹಂತ 4: ಸೆಷನ್ ನಡೆಸಿ, ಬಾಲ ಹಿಡಿದು ಹೋಗಿ

ನಡುರಾತ್ರಿ ದಾಟುವ ಬಸ್‌ಗಳ ಚಾರ್ಟರ್ ಬರೆದೆವಲ್ಲ, ಅದನ್ನೇ ಕೈಗೆತ್ತಿಕೊಳ್ಳೋಣ. ಟೆಸ್ಟ್ ಸರ್ವರ್, ತಾರೀಕು 13, ಬೆಳಗ್ಗೆ. ನನ್ನ ನೋಟ್ಸ್ ಹೆಚ್ಚುಕಮ್ಮಿ ಹೀಗಿತ್ತು.

10:05. ಬೆಂಗಳೂರು–ಶಿವಮೊಗ್ಗ, ಇವತ್ತು ರಾತ್ರಿ 11:30ರ ಸ್ಲೀಪರ್. ಮೆಜೆಸ್ಟಿಕ್‌ನಿಂದ ಬುಕ್ ಮಾಡಿದೆ. ಎಲ್ಲ ಸರಿ.

10:12. ಅದೇ ಬಸ್, ಹತ್ತುವುದು ನೆಲಮಂಗಲದಲ್ಲಿ. ಟಿಕೆಟ್ ಮೇಲೆ "ತಾರೀಕು 13, 12:25 ಎಎಂ" ಅಂತಿದೆ. ?

ಆ ಪ್ರಶ್ನಾರ್ಥಕ ಚಿಹ್ನೆಯೇ ಸೆಷನ್‌ನ ತಿರುವು. ಬಸ್ ನೆಲಮಂಗಲ ತಲುಪುವ ಹೊತ್ತಿಗೆ ತಾರೀಕು 14 ಆಗಿರುತ್ತದೆ. 13ರ 12:25 ಎಎಂ ಕಳೆದು ಆಗಲೇ ಹತ್ತು ಗಂಟೆ ಆಗಿತ್ತು. ಇಲ್ಲಿ ಹೊಸಬರು ಸಾಮಾನ್ಯವಾಗಿ ಒಂದು ಬಗ್ ಬರೆದು ಮುಂದೆ ಹೋಗುತ್ತಾರೆ: "ಟಿಕೆಟ್‌ನಲ್ಲಿ ತಾರೀಕು ತಪ್ಪು, ಪ್ರಯಾರಿಟಿ ಲೋ." ತಪ್ಪೇನಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ತಪ್ಪಿರುವುದು ತೋರಿಸುವುದರಲ್ಲಿ ಮಾತ್ರವೋ, ಒಳಗೂ ಹಾಗೇ ಇದೆಯೋ?

10:15. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್, ಅಂದರೆ ಪುಟ ಮತ್ತು ಸರ್ವರ್ ನಡುವಿನ ಮಾತುಕತೆ, ನೋಡಿದೆ. ಸರ್ವರ್ ಎರಡು ತುಂಡು ಕಳಿಸುತ್ತಿದೆ: ಬಸ್ ಹೊರಡುವ ತಾರೀಕು 13, ಬೋರ್ಡಿಂಗ್ ಸಮಯ 00:25. ಯಾರೋ ಎರಡನ್ನೂ ಅಂಟಿಸುತ್ತಿದ್ದಾರೆ. ಹೀಗೆ ಅಂಟಿಸುವವರು ಬೇರೆ ಯಾರಿದ್ದಾರೆ?

10:20. ನಕ್ಷೆ ತೆಗೆದು ನೋಡಿದೆ. ತಾರೀಕು ಮತ್ತು ಸಮಯ ಎರಡೂ ಬೇಕಾದ ಜಾಗಗಳು: ನೆನಪಿಸುವ ಮೆಸೇಜ್, "ನನ್ನ ಪ್ರಯಾಣ" ಪುಟ, ರದ್ದು.

10:24. "ನನ್ನ ಪ್ರಯಾಣ" ಪುಟ. ಇವತ್ತು ರಾತ್ರಿಯ ಟಿಕೆಟ್ "ಮುಗಿದ ಪ್ರಯಾಣ"ದ ಕೆಳಗೆ ಕೂತಿದೆ. ಬಸ್ ಇನ್ನೂ ಡಿಪೋದಲ್ಲಿದೆ!

10:31. ಹಾಗಾದರೆ ರದ್ದು? ಒತ್ತಿದೆ. "ಬಸ್ ಈಗಾಗಲೇ ಹೊರಟಿದೆ." ಒಂದು ರೂಪಾಯಿಯೂ ವಾಪಸ್ ಇಲ್ಲ.

10:36. ಅದೇ ಬಸ್‌ನ ಮೆಜೆಸ್ಟಿಕ್ ಟಿಕೆಟ್ ರದ್ದು ಮಾಡಿದೆ. ಸರಿಯಾಗಿ ಆಯಿತು, ದುಡ್ಡೂ ಬಂತು. ಅಂದರೆ ತೊಂದರೆ ಬೋರ್ಡಿಂಗ್ ಪಾಯಿಂಟ್‌ನದು.

10:44. ಟೆಸ್ಟ್ ಡೇಟಾದಲ್ಲಿ ಗೊರಗುಂಟೆಪಾಳ್ಯದ ಸಮಯ 11:59 ಪಿಎಂ ಮಾಡಿದೆ. ಸರಿ ಇದೆ. 12:00 ಎಎಂ ಮಾಡಿದೆ. ಕೆಟ್ಟಿತು.

10:52. ಬುಕ್ ಮಾಡುವಾಗ ಮಾತ್ರ ಏಕೆ ತಡೆಯಲಿಲ್ಲ? ಬುಕಿಂಗ್ ನೋಡುವುದು ಬಸ್ ಹೊರಡುವ ಸಮಯ, ರದ್ದು ನೋಡುವುದು ಹತ್ತುವ ಸಮಯ. ಒಂದೇ ಬಸ್‌ಗೆ ಎರಡು ಗಡಿಯಾರ.

ತಾರೀಕಿನ ಒಂದು ಸಣ್ಣ ಎಡವಟ್ಟು ನಲವತ್ತು ನಿಮಿಷದಲ್ಲಿ ಜನರ ದುಡ್ಡು ನುಂಗುವ ಬಗ್ ಆಯಿತು. ಬರೆದಿಟ್ಟ ಟೆಸ್ಟ್ ಕೇಸ್‌ಗಳು ಇದನ್ನು ಹಿಡಿದಿರಲಿಲ್ಲ. ಎಲ್ಲದರಲ್ಲೂ ಹತ್ತುವುದು ಮೆಜೆಸ್ಟಿಕ್, ಪ್ರಯಾಣ ಒಂದು ವಾರದ ನಂತರ. ಅವನ್ನು ಬರೆದವರಲ್ಲಿ ನಾನೂ ಒಬ್ಬ. ಟೆಸ್ಟ್ ಕೇಸ್ ಬರೆಯುವಾಗ ಯಾರೂ ನಿದ್ದೆಗಣ್ಣಲ್ಲಿ ನೆಲಮಂಗಲದ ಟೋಲ್ ಹತ್ತಿರ ನಿಂತಿರುವುದಿಲ್ಲ ನೋಡಿ.

ಈ ನೋಟ್ಸ್‌ನಲ್ಲಿ ಕದಿಯಬಹುದಾದ ಅಭ್ಯಾಸ ಮೂರಿವೆ. ವಿಚಿತ್ರ ಕಂಡಾಗ "ಇದೇ ಮಾಹಿತಿಯನ್ನು ಇನ್ಯಾರು ಬಳಸುತ್ತಾರೆ?" ಅಂತ ಕೇಳುವುದು. ಕೆಟ್ಟದ್ದರ ಪಕ್ಕದಲ್ಲೇ ಸರಿ ಇರುವುದನ್ನು ಇಟ್ಟು ಹೋಲಿಸುವುದು. ಸಲಕ್ಕೆ ಒಂದೇ ಒಂದು ವಿಷಯ ಬದಲಿಸಿ ಅಂಚು ಹುಡುಕುವುದು. ಮೂರನೆಯದು ಹೇಳಲು ಸುಲಭ. ಉತ್ಸಾಹದಲ್ಲಿ ನಾವು ಊರು, ತಾರೀಕು, ಫೋನ್ ಮೂರನ್ನೂ ಬದಲಿಸಿ, ಆಮೇಲೆ ಯಾವುದರಿಂದ ಕೆಟ್ಟಿತು ಅಂತ ತಲೆ ಕೆರೆದುಕೊಳ್ಳುತ್ತೇವೆ.

ದಾರಿ ತಪ್ಪುವುದೂ ಇದೆ. 10:12ಕ್ಕೆ ಸೀಟಿನ ಬಣ್ಣವೂ ವಿಚಿತ್ರವಾಗಿ ಕಂಡಿತ್ತು. ಅದರ ಹಿಂದೆ ಹೋಗಲಿಲ್ಲ. ಹಾಳೆಯ ಬದಿಯಲ್ಲಿ "ಸೀಟ್ ಬಣ್ಣ, ಆಮೇಲೆ" ಅಂತ ಬರೆದೆ ಅಷ್ಟೆ. ಚಾರ್ಟರ್‌ಗೆ ಸೇರಿದ ಬಾಲ ಹಿಡಿಯಿರಿ. ಸೇರದ್ದನ್ನು ಇನ್ನೊಂದು ಚಾರ್ಟರ್‌ಗೆ ಎತ್ತಿಡಿ.

ಹಂತ 5: ಇದು ಬಗ್ ಅಂತ ಹೇಳಲು ಆಧಾರ ಇಟ್ಟುಕೊಳ್ಳಿ

"ಇದು ರಿಕ್ವೈರ್‌ಮೆಂಟ್‌ನಲ್ಲಿ ಇಲ್ಲವಲ್ಲ" ಅಂತ ಡೆವಲಪರ್ ಹೇಳೇ ಹೇಳುತ್ತಾರೆ. "ನನಗೆ ಸರಿ ಅನ್ನಿಸಲಿಲ್ಲ" ಅಂದರೆ ಆಗ ನಿಲ್ಲುವುದಿಲ್ಲ. ಯಾವುದಕ್ಕೆ ಹೊಂದುತ್ತಿಲ್ಲ ಅಂತ ಹೇಳಿ. ಆಪ್‌ನ ಒಂದು ಪುಟ ಇನ್ನೊಂದರ ಜೊತೆ ಹೊಂದುತ್ತಿಲ್ಲವೇ? ಹಿಂದಿನ ವರ್ಷನ್ ಜೊತೆ? ಕಂಪನಿಯೇ ಹೇಳಿಕೊಂಡಿರುವ ನಿಯಮದ ಜೊತೆ? ಇಂಥ ಬೇರೆ ಆಪ್‌ಗಳ ಜೊತೆ? ಬಳಸುವವರ ನಿರೀಕ್ಷೆಯ ಜೊತೆ? ಕಾನೂನಿನ ಜೊತೆ?

ನೆಲಮಂಗಲದ ವಿಷಯದಲ್ಲಿ ಮೂರು ಆಧಾರ ಸಿಕ್ಕವು. ಅದೇ ಬಸ್‌ನ ಇನ್ನೊಂದು ಟಿಕೆಟ್ ರದ್ದಾಗುತ್ತದೆ. ಬಸ್ ಹೊರಡುವ ಮುಂಚೆ ರದ್ದು ಮಾಡಬಹುದು ಅಂತ ಆಪ್‌ನ ನಿಯಮದಲ್ಲೇ ಇದೆ. ಇನ್ನು, ಮಧ್ಯಾಹ್ನ ಕೂತು ಯಾರನ್ನು ಕೇಳಿದರೂ ರಾತ್ರಿಯ ಬಸ್ ಹೊರಟಿಲ್ಲ ಅಂತಲೇ ಹೇಳುತ್ತಾರೆ. ವಾದ ಎರಡು ನಿಮಿಷದಲ್ಲಿ ಮುಗಿಯಿತು.

ಹಂತ 6: ಬರೆದಿಡಿ, ಆಗಿನದನ್ನು ಆಗಲೇ

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಮೊದಲ ಕೆಲಸದಲ್ಲಿ ಒಂದು ಶುಕ್ರವಾರ ಸಂಜೆ ಪೇಮೆಂಟ್ ಪುಟ ನನ್ನ ಕಣ್ಣ ಮುಂದೆ ಬಿತ್ತು. ದುಡ್ಡು ಎರಡು ಸಲ ಕಡಿತವಾದ ಹಾಗೆ ಕಂಡಿತು. ಖುಷಿಯಲ್ಲಿ ಡೆವಲಪರ್ ಹತ್ತಿರ ಓಡಿದೆ. "ತೋರಿಸಿ" ಅಂದರು. ಆಗಲಿಲ್ಲ. ಹತ್ತು ಸಲ ಪ್ರಯತ್ನಪಟ್ಟೆ. ಹಿಂದಿನ ಹತ್ತು ನಿಮಿಷದಲ್ಲಿ ಏನೇನು ಒತ್ತಿದ್ದೆ ಅಂತ ನೆನಪೇ ಇರಲಿಲ್ಲ. ರಿಪ್ರೊಡ್ಯೂಸ್ ಆಗುವುದಿಲ್ಲ ಅಂತ ಬಗ್ ಮುಚ್ಚಿದರು. ಎರಡು ತಿಂಗಳ ನಂತರ ಗ್ರಾಹಕರೊಬ್ಬರಿಂದ ಅದೇ ದೂರು ಬಂತು. ಅವತ್ತು ನನ್ನ ಮುಖ ಯಾರೂ ನೋಡಬಾರದಿತ್ತು.

ಅಂದಿನಿಂದ ಒಂದು ಸಾದಾ ಟೆಕ್ಸ್ಟ್ ಫೈಲ್ ತೆರೆದಿಟ್ಟೇ ಕೂರುತ್ತೇನೆ. ಸಮಯ, ಮಾಡಿದ್ದು, ಕಂಡಿದ್ದು. ವಿಚಿತ್ರ ಕಂಡಲ್ಲಿ ಪ್ರಶ್ನಾರ್ಥಕ. ಜೊತೆಗೆ ಸ್ಕ್ರೀನ್ ರೆಕಾರ್ಡಿಂಗ್ ಹಾಕಿರುತ್ತೇನೆ. ರೆಕಾರ್ಡಿಂಗ್ ಒಂದೇ ಸಾಲದು. ಒಂದು ಗಂಟೆಯ ವಿಡಿಯೋ ಮತ್ತೆ ನೋಡುವಷ್ಟು ತಾಳ್ಮೆ ಯಾರಿಗಿದೆ? ನೋಟ್ಸ್‌ನಲ್ಲಿ ಸಮಯ ಇದ್ದರೆ ವಿಡಿಯೋದಲ್ಲಿ ಆ ಜಾಗಕ್ಕೇ ಹೋಗಬಹುದು.

ಬಗ್ ರಿಪೋರ್ಟ್‌ನ ತಲೆಬರಹಕ್ಕೆ ಐದು ನಿಮಿಷ ಜಾಸ್ತಿ ಕೊಡಿ. "ಕ್ಯಾನ್ಸಲ್ ವರ್ಕ್ ಆಗ್ತಿಲ್ಲ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಹತ್ತುವ ಸಮಯ ರಾತ್ರಿ 12 ದಾಟಿದ್ದರೆ ಪ್ರಯಾಣದ ದಿನ ಟಿಕೆಟ್ ರದ್ದಾಗುವುದಿಲ್ಲ, ಬಸ್ ಹೊರಟಿದೆ ಎನ್ನುತ್ತದೆ" ಅಂದರೆ ಮ್ಯಾನೇಜರ್‌ಗೂ ಅರ್ಥವಾಗುತ್ತದೆ, ಡೆವಲಪರ್‌ಗೆ ಕೋಡ್‌ನಲ್ಲಿ ಎಲ್ಲಿ ನೋಡಬೇಕು ಅಂತಲೂ ಗೊತ್ತಾಗುತ್ತದೆ.

ಸೆಷನ್ ಮುಗಿದ ಮೇಲೆ ಲೀಡ್ ಜೊತೆ ಹತ್ತು ನಿಮಿಷ ಮಾತಾಡಿ. ಏನು ಮಾಡಿದೆ, ಏನು ಸಿಕ್ಕಿತು, ಏನು ಅಡ್ಡ ಬಂತು, ಇನ್ನೇನು ಬಾಕಿ, ನಿನಗೆ ಏನನ್ನಿಸುತ್ತದೆ. ಕೊನೆಯ ಪ್ರಶ್ನೆ ಬಿಡಬೇಡಿ. "ಪಾಸ್ ಆಯ್ತು, ಆದರೂ ಯಾಕೋ ಧೈರ್ಯ ಬರ್ತಿಲ್ಲ" ಅನ್ನುವ ಮಾತಿನಿಂದ ನನಗೆ ಸಿಕ್ಕಷ್ಟು ಒಳ್ಳೆಯ ಚಾರ್ಟರ್ ಬೇರೆಲ್ಲೂ ಸಿಕ್ಕಿಲ್ಲ. ಸಮಯ ಹೇಗೆ ಹೋಯಿತು ಅಂತಲೂ ಅಂದಾಜು ಹೇಳಿ: ಟೆಸ್ಟ್ ಮಾಡಿದ್ದು ಎಷ್ಟು, ಬಗ್ ಹಿಂದೆ ಓಡಿದ್ದು ಎಷ್ಟು, ಸಿದ್ಧತೆಗೆ ಎಷ್ಟು. ಅರ್ಧಕ್ಕಿಂತ ಜಾಸ್ತಿ ಸಿದ್ಧತೆಗೇ ಹೋಗುತ್ತಿದ್ದರೆ ಟೆಸ್ಟ್ ಸರ್ವರ್ ಸರಿ ಇಲ್ಲ ಅಂತ ಹೇಳಲು ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ಹಂತ 7: ಕೈ ಪಳಗಿಸಿ

ಆಟೋಮೇಷನ್, ಅಂದರೆ ಟೆಸ್ಟ್‌ಗಳನ್ನು ಪ್ರೋಗ್ರಾಂ ಬರೆದು ತಾನಾಗಿ ಓಡಿಸುವುದು, ಕಲಿತರೆ ಇದೆಲ್ಲ ಬೇಡ ಅಂತ ಕೆಲವರು ಹೇಳುತ್ತಾರೆ. ಆಟೋಮೇಷನ್ ಬೇಕು, ಮೆಜೆಸ್ಟಿಕ್ ಟಿಕೆಟ್ ದಿನಾ ಸರಿ ಇದೆಯಾ ಅಂತ ನೋಡಲು ಅದೇ ಒಳ್ಳೆಯದು. ನೆಲಮಂಗಲದ ಪ್ರಶ್ನೆ ಕೇಳಲು ನೀವು ಬೇಕು. ಕೇಳಿ ಉತ್ತರ ಸಿಕ್ಕ ಮೇಲೆ ಅದನ್ನೂ ಆಟೋಮೇಷನ್‌ಗೆ ಹಾಕಿಬಿಡಿ.

ಸ್ವಲ್ಪ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ), ಡೆವಲಪರ್ ಟೂಲ್ಸ್, ಫೋನಿನ ಲಾಗ್ ಓದುವುದು, ನೆಟ್‌ವರ್ಕ್ ನಿಧಾನ ಮಾಡುವುದು. ಇಷ್ಟು ಬಂದರೆ ಆರಂಭಕ್ಕೆ ಸಾಕು. ಇದಕ್ಕಿಂತ ಮುಖ್ಯವಾದದ್ದು ಜೋಡಿಯಾಗಿ ಕೂರುವುದು. ವಾರಕ್ಕೆ ಒಂದು ಸಲ ಒಬ್ಬರು ಮೌಸ್ ಹಿಡಿಯಿರಿ, ಇನ್ನೊಬ್ಬರು ನೋಟ್ಸ್ ಬರೆಯಿರಿ. "ಅದನ್ನು ಯಾಕೆ ಒತ್ತಿದ್ರಿ?" ಅಂತ ಕೇಳುತ್ತಿರಿ. ಉತ್ತರ ಹೇಳಲು ತಡಕಾಡುವಲ್ಲೇ ಕಲಿಕೆ ಇದೆ. ಕಸ್ಟಮರ್ ಸಪೋರ್ಟ್‌ನವರ ಜೊತೆ ತಿಂಗಳಿಗೊಮ್ಮೆ ಟೀ ಕುಡಿಯಿರಿ. ಜನ ನಿಜವಾಗಿ ಎಲ್ಲಿ ಬೈಯುತ್ತಿದ್ದಾರೆ ಅಂತ ಅವರಿಗಷ್ಟೇ ಗೊತ್ತಿರುತ್ತದೆ.

ಒಂದು ಎಚ್ಚರಿಕೆ. ಅಭ್ಯಾಸ ಮಾಡುತ್ತೇನೆ ಅಂತ ಬೇರೆಯವರ ಲೈವ್ ವೆಬ್‌ಸೈಟ್ ಕೆದಕಲು ಹೋಗಬೇಡಿ, ಅದರಲ್ಲೂ ಬ್ಯಾಂಕ್ ಮತ್ತು ಸರ್ಕಾರಿ ಸೈಟ್‌ಗಳನ್ನು. ನಿಮ್ಮ ಫೋನಿನೊಳಗೇ ಬೇಕಾದಷ್ಟು ಸಾಮಾನಿದೆ.

ಇವತ್ತೇ ಶುರು ಮಾಡಲು ಒಂದು ಚಾರ್ಟರ್ ಕೊಡುತ್ತೇನೆ: "ಫೋನಿನ ಅಲಾರಂ ನೋಡು. ಗಡಿಯಾರ ಬದಲಿಸುವುದು, ರೀಸ್ಟಾರ್ಟ್, ಬರುವ ಕರೆ, ಸೈಲೆಂಟ್ ಮೋಡ್ ಬಳಸು. ಅಲಾರಂ ಹೊಡೆಯದೇ ಹೋಗುವ ಅಥವಾ ತಪ್ಪು ದಿನ ಹೊಡೆಯುವ ಸಂದರ್ಭ ಹುಡುಕು." ಸಮಯ 45 ನಿಮಿಷ. ನೋಟ್ಸ್ ತೆರೆದಿಡಿ. ಮೊದಲ ಅಲಾರಂ ರಾತ್ರಿ 12:00ಕ್ಕೆ ಇಡಿ. ಇನ್ನು ಎಷ್ಟು ಹೊತ್ತಿನಲ್ಲಿ ಹೊಡೆಯುತ್ತದೆ ಅಂತ ಆಪ್ ಹೇಳಿದರೆ, ಅದನ್ನು ಬರೆದುಕೊಳ್ಳಿ. ಆಮೇಲೆ ಫೋನಿನ ತಾರೀಕನ್ನು ಒಂದು ದಿನ ಹಿಂದಕ್ಕೆ ತಳ್ಳಿ, ಮತ್ತೆ ಓದಿ.